ಕೆಂಪಿಗಳನ್ನು ಎಣಿಸುತ್ತಿದ್ದವರು

ಮನುಷ್ಯನ ಶರೀರದಲ್ಲಿ ಸುಳ್ಳು ಕಲಿಯದೆ ಉಳಿದಿರುವ ವಸ್ತು ಯಾವುದಾದರೂ ಇದ್ದರೆ ಅದು ರಕ್ತವೊಂದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾಲಗೆ ಸುಳ್ಳಾಡುತ್ತದೆ, ಕಣ್ಣು ಸುಳ್ಳಾಡುತ್ತದೆ, ನಾಡಿ ಕೂಡ ಡಾಕ್ಟರ ಮುಖ ನೋಡಿ ಓಟ ಬದಲಿಸುತ್ತದೆ. ರಕ್ತ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಆದರೆ ಅದು ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬ ಮನುಷ್ಯ ಬೇಕಲ್ಲ. ಕಡೂರಿನಲ್ಲಿ ಆ ಮನುಷ್ಯ ನಾನಾಗಿದ್ದೆ. ಆದ್ದರಿಂದ ಮೇಲಿನ ಅಭಿಪ್ರಾಯವನ್ನು ಓದುಗರು ಅಷ್ಟಾಗಿ ನೆಚ್ಚಿಕೊಳ್ಳಬೇಕಾಗಿಲ್ಲ.

ಹೋದ ತಿಂಗಳು ತರೀಕೆರೆಯಿಂದ ಒಂದು ಕಾರ್ಡು ಬಂತು. ನಮ್ಮ ಲ್ಯಾಬಮ್ಮ ತೀರಿಕೊಂಡಿದ್ದರು. ಅವರಿಗೆ ಬೇರೆ ಹೆಸರಿತ್ತು, ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಾದ ಕಾಗದದ ಮೇಲೆ ಬರುವುದು ಅವರಿಗೆ ಹೇಸಿಗೆ. "ನಾಳೆ ಯಾವನೋ ಅದ್ರಲ್ಲಿ ಬೋಂಡ ಕಟ್ಕೊಡ್ತಾನೆ, ಇನ್ಯಾವನೋ ನನ್ ಹೆಸರಲ್ಲಿ ಕೈ ಒರೆಸ್ಕೊತಾನೆ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಆರಂಭದಿಂದ ನಾನು ಕಡೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ರೈಟರ್ ಆಗಿದ್ದೆ. ನರ್ಸಿಂಗ್ ಹೋಮ್ ಎಂದರೆ ಆರು ಮಂಚ, ಒಬ್ಬರು ಡಾಕ್ಟರು, ಹಿಂಭಾಗದಲ್ಲಿ ಒಂದು ಕಾಲಕ್ಕೆ ಸೌದೆ ಮನೆಯಾಗಿದ್ದ ಕೋಣೆ. ಆ ಕೋಣೆಯ ಬಾಗಿಲಿಗೆ 'ಲ್ಯಾಬೊರೇಟರಿ' ಎಂದು ಹಲಗೆ ಹೊಡೆದ ದಿನದಿಂದ ಅದು ಲ್ಯಾಬೊರೇಟರಿಯಾಯಿತು. ಹಲ್ಲಿಗಳು ಮಾತ್ರ ಹಲಗೆ ಓದಲಿಲ್ಲ. ಒಳಗೆ ಒಂದು ಮೈಕ್ರೋಸ್ಕೋಪು, ಒಂದು ಸ್ಪಿರಿಟ್ ದೀಪ, ಬಣ್ಣದ ಸೀಸೆಗಳು, ಒಂದು ಕಡೆ ಲ್ಯಾಬಮ್ಮನ ಮೇಜು, ಎರಡು ಮಾರು ದೂರದಲ್ಲಿ ನನ್ನ ಮೇಜು. ಅವರು ಎಣಿಸಿ ಹೇಳಬೇಕು, ನಾನು ದುಂಡಕ್ಷರದಲ್ಲಿ ಬರೆಯಬೇಕು. ಹೀಗೆ ಹದಿನಾಲ್ಕು ವರ್ಷ.

ಲ್ಯಾಬಮ್ಮ ದಿನಾ ತರೀಕೆರೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಸೀಟನ್ನು ಒರೆಸಲು ಒಂದು ಬಟ್ಟೆ, ಆ ಬಟ್ಟೆಯನ್ನು ಮುಟ್ಟಿದ ಕೈ ಒರೆಸಲು ಇನ್ನೊಂದು ಬಟ್ಟೆ. ಅಸಹ್ಯಪಡುವುದನ್ನು ಅವರು ಒಂದು ವಿದ್ಯೆಯ ಮಟ್ಟಕ್ಕೆ ಏರಿಸಿದ್ದರು. ಎದುರಿನ ಹೋಟೆಲಿನ ಮಾಣಿ ಐದು ಲೋಟಗಳಿಗೆ ಐದು ಬೆರಳು ಅದ್ದಿ ಕಾಫಿ ತಂದುದನ್ನು ಮೊದಲ ದಿನ ನೋಡಿ, ಮುಂದೆ ಹದಿನಾಲ್ಕು ವರ್ಷ ಕಡೂರಿನಲ್ಲಿ ಒಂದು ತೊಟ್ಟು ಕಾಫಿ ಕುಡಿಯಲಿಲ್ಲ. ಅವರ ಕಣ್ಣಿಗೆ ನಮ್ಮ ಊರು ಎಲೆಯಡಿಕೆಯ ಉಗುಳಿನ ಮೇಲೆ ಕಟ್ಟಿದ ಊರು. ಉಗುಳುವವರನ್ನು ಕಂಡರೆ ಬೀದಿಯಲ್ಲೇ ನಿಂತು ಕೇಳುತ್ತಿದ್ದರು: "ಏನ್ ಯಜಮಾನ್ರೇ, ಒಳಗೆ ಜಾಗ ಸಾಲ್ದಾ?"

ಅವರಿಗೆ ಅಸಹ್ಯ ಹುಟ್ಟಿಸಲು ನಮ್ಮ ಸುತ್ತಿನ ಹಳ್ಳಿಗಳವರೂ ಹಿಂದೆ ಬೀಳಲಿಲ್ಲ ಎನ್ನಬೇಕು. ಜಂತುಹುಳ ಪರೀಕ್ಷೆಗೆ ಮಲ ತನ್ನಿ ಎಂದರೆ ಬೆಂಕಿಪೊಟ್ಟಣದಲ್ಲಿ ತರುವರು. ಹಿಂದಿನ ದಿನದ್ದು ತರುವರು. ತಮ್ಮದು ಸಿಗದಿದ್ದರೆ ಮನೆಯ ಇನ್ನೊಬ್ಬರದು ತರುವರು. ಚೌಳಹಿರಿಯೂರಿನ ಕಡೆಯ ಒಬ್ಬ ಹೆಂಗಸು ಮಗನ ಮಲವನ್ನು ಕುಂಕುಮದ ಭರಣಿಯಲ್ಲಿ ತಂದಳು. ಲ್ಯಾಬಮ್ಮ ಮುಚ್ಚಳ ತೆಗೆದು, ಮತ್ತೆ ಮುಚ್ಚಿ, ಕಣ್ಣು ಮುಚ್ಚಿ ಕೇಳಿದರು:

"ಏನಮ್ಮ, ನಾಳೆ ಇದ್ರಲ್ಲೇ ಕುಂಕುಮ ಇಡ್ತೀಯಾ?"

"ಅಯ್ಯೋ, ಹಂಗೇ ಇಡ್ತೀವೇನಮ್ಮ? ತೊಳ್ದು ಇಡ್ತೀವಿ."

ಆ ದಿನ ಅವರು ಮನೆಯಿಂದ ತಂದ ಬುತ್ತಿಯನ್ನು ಬಿಚ್ಚಲಿಲ್ಲ. ಆದರೆ ಭರಣಿಯಲ್ಲಿದ್ದುದನ್ನು ಪರೀಕ್ಷೆ ಮಾಡದೆ ಬಿಡಲೂ ಇಲ್ಲ. ನನಗೆ ಅವರಲ್ಲಿ ಆಶ್ಚರ್ಯವೆನಿಸಿದ್ದು ಇದೇ. ನಾವೆಲ್ಲ ಅಸಹ್ಯವಾದರೆ ಮುಖ ತಿರುಗಿಸುತ್ತೇವೆ. ಅವರು ಅಸಹ್ಯವಾದರೆ ಇನ್ನೂ ಹತ್ತಿರ ಬಗ್ಗಿ ನೋಡುತ್ತಿದ್ದರು.

ನೋಡುವುದರಲ್ಲಿ ಅವರಿಗೆ ಅಚ್ಚುಮೆಚ್ಚಿನದು ಉಬ್ಬಸದ ಮಕ್ಕಳ ರಕ್ತ. ಮಗುವಿನ ಬೆರಳ ತುದಿ ಚುಚ್ಚಿ, ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ, ಬಣ್ಣ ಹಾಕಿ ತೊಳೆದರೆ ಬಿಳಿ ರಕ್ತಕಣಗಳು ನೇರಳೆ ಬಣ್ಣಕ್ಕೆ ತಿರುಗುತ್ತವೆ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಕಣ ಮೈತುಂಬ ಕೆಂಪು ಕಾಳು ತುಂಬಿಕೊಂಡು ಒಡೆದ ದಾಳಿಂಬೆಯಂತೆ ಕೂತಿರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಇಯೊಸಿನೊಫಿಲ್ ಎಂದು ಹೆಸರು. ಲ್ಯಾಬಮ್ಮ 'ಕೆಂಪಿ' ಎನ್ನುತ್ತಿದ್ದರು. ಆರೋಗ್ಯವಂತ ಮಗುವಿನ ನೂರು ಬಿಳಿ ಕಣದಲ್ಲಿ ಕೆಂಪಿ ಮೂರೋ ನಾಲ್ಕೋ. ಉಬ್ಬಸದ ಮಗುವಿಗೆ ಹತ್ತು, ಹದಿನೈದು. ಅವರು ನೂರಕ್ಕೆ ನಿಲ್ಲಿಸದೆ ಮುನ್ನೂರು ಎಣಿಸುತ್ತಿದ್ದರು. ಒಂದು ಕೆಂಪಿ ಕಂಡರೆ ಎಡಗಡೆಯ ಬಟ್ಟಲಿನಿಂದ ಬಲಗಡೆಯ ಬಟ್ಟಲಿಗೆ ಒಂದು ಹುಣಸೆ ಬೀಜ.

ನೋಟುಬುಕ್ಕೊಂದರಲ್ಲಿ ಇಂಥ ಮಕ್ಕಳಿಗೆ ಒಂದೊಂದು ಪುಟ ಇಟ್ಟಿದ್ದರು. ಡಾಕ್ಟರು ಹೇಳಲಿ ಬಿಡಲಿ, ಸಂತೆಗೆ ಬಂದ ತಾಯಂದಿರನ್ನು ಕರೆದು ಮಗುವಿನ ಬೆರಳು ಚುಚ್ಚುತ್ತಿದ್ದರು. ಮೊದಲು ಹೊಟ್ಟೆಯಲ್ಲಿ ಹುಳವಿಲ್ಲವೆಂದು ಖಾತ್ರಿ ಮಾಡಿಕೊಳ್ಳುವರು, ಯಾಕೆಂದರೆ ಹುಳವಿದ್ದರೂ ಕೆಂಪಿ ಏರುತ್ತದೆ. ಹುಳವಿಲ್ಲದೆ ಏರಿದ್ದರೆ ತಾಯಿಗೆ ಹೇಳುವರು: "ಎಂಟರಿಂದ ಹದಿಮೂರಾಗಿದೆ ಕಣಮ್ಮ. ಈ ವಾರ ರಾಗಿ ಕಣದ ದೂಳಿಗೆ ಬಿಡ್ಬೇಡ. ಎದೆ ಕೊಯ್‌ಗುಟ್ಟೋಕೆ ಶುರುವಾದ್ರೆ ಆವತ್ತೇ ಕರ್ಕೊಂಡ್ ಬಾ." ಹತ್ತರಲ್ಲಿ ಆರೇಳು ಸಲ ಅವರ ಮಾತು ಸರಿಹೋಗುತ್ತಿತ್ತು. ಸರಿಹೋಗದ ಸಲಗಳನ್ನೂ ಅದೇ ಪುಟದಲ್ಲಿ ಬರೆಸುತ್ತಿದ್ದರು. ನಮ್ಮ ಊರಿನ ಜ್ಯೋತಿಷಿಗಳಿಗೂ ಅವರಿಗೂ ಇದ್ದ ವ್ಯತ್ಯಾಸ ಇಷ್ಟೇ.

ಚುಚ್ಚುವ ಮೊದಲು ಮಗುವಿನ ಭಯ ಬಿಡಿಸಲು ಅದನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯುವರು, ಪಕ್ಕದಲ್ಲಿ ಹೆಸರು, ತಿಂಗಳು ನನ್ನಿಂದ ಬರೆಸುವರು. ಮುಂದಿನ ಸಲ ಬಂದಾಗ "ನೋಡೋ, ಎಷ್ಟ್ ಬೆಳ್ದಿದೀಯ!" ಎನ್ನುವಷ್ಟರಲ್ಲಿ ಬೆರಳು ಚುಚ್ಚಿ ಆಗಿರುತ್ತಿತ್ತು. ಚೌಕಟ್ಟಿನ ತುಂಬ ಗೆರೆಗಳು. ಡಾಕ್ಟರು ಸುಣ್ಣ ಬಳಿಸಲು ಹೊರಟಾಗ ಲ್ಯಾಬಮ್ಮ ಬಾಗಿಲಿಗೆ ಅಡ್ಡ ನಿಂತರು.

ಈಗ ನನ್ನ ವಿಷಯ ಹೇಳಬೇಕು. ಹೇಸಿಗೆಯ ಬಗ್ಗೆ ಬರೆಯಲು ಕೂತು ನನ್ನನ್ನೇ ಬಿಟ್ಟರೆ ಬರಹ ಅಪೂರ್ಣವಾಗುತ್ತದೆ.

ನನ್ನ ಅಕ್ಕನನ್ನು ಹಿರೇನಲ್ಲೂರಿಗೆ ಕೊಟ್ಟಿತ್ತು. ಅವಳ ಮಗಳು ಪುಟ್ಟಿಗೆ ಮೂರನೆಯ ವಯಸ್ಸಿನಿಂದ ಉಬ್ಬಸ. ಲ್ಯಾಬಮ್ಮನ ಪುಸ್ತಕದಲ್ಲಿ ಅವಳಿಗೂ ಒಂದು ಪುಟ. ಕೆಂಪಿ ಹನ್ನೊಂದು, ಹದಿನಾಲ್ಕು, ಒಂಬತ್ತು, ಹದಿನಾರು. ತಿಂಗಳಿಗೊಮ್ಮೆ ಮಗು ರಾತ್ರಿಯಿಡೀ ಕೂತು ಉಸಿರು ಎಳೆಯುವುದನ್ನು ನೋಡಿ ಅಕ್ಕ ಬೇಸತ್ತಿದ್ದಳು. ಆಗ ಯಾರೋ ಅಜ್ಜಂಪುರದ ಪುಡಿ ಮೇಷ್ಟ್ರ ಹೆಸರು ಹೇಳಿದರು.

ಪುಡಿ ಮೇಷ್ಟ್ರು ನಿವೃತ್ತ ಉಪಾಧ್ಯಾಯರು. ಖಾದಿ ಜುಬ್ಬ, ಮೆಲುದನಿ, ಮುಖದಲ್ಲಿ ಸದಾ ಒಂದು ತೃಪ್ತಿ. ಗೂರಲಿಗೆ, ಅಂದರೆ ಉಬ್ಬಸಕ್ಕೆ, ಪುಡಿ ಕೊಡುತ್ತಿದ್ದರು. ಹಣ ಮುಟ್ಟುವವರಲ್ಲ, ಬಂದವರು ಒಂದು ತೆಂಗಿನಕಾಯಿ ಇಟ್ಟು ಹೋಗಬೇಕು, ಅಷ್ಟೇ. ಹಣ ಮುಟ್ಟದವನ ಮಾತನ್ನು ನಮ್ಮ ಕಡೆ ಯಾರೂ ಪರೀಕ್ಷೆ ಮಾಡುವುದಿಲ್ಲ. ಕಟ್ಟುಪಾಡು ಒಂದೇ: ಮಗುವಿನ ತಲೆ ಮುಟ್ಟಿ ಆಣೆ ಮಾಡಬೇಕು. ಪುಡಿಯ ವಿಷಯ ಯಾವ ಡಾಕ್ಟರಿಗೂ, ಡಾಕ್ಟರ ಕಡೆಯವರಿಗೂ ಬಾಯಿಬಿಡಬಾರದು. ಬಿಟ್ಟರೆ ಅದೇ ಪುಡಿ ಆ ಗಳಿಗೆಯಿಂದ ವಿಷವಾಗುತ್ತದೆ.

ಅಕ್ಕ ಆಣೆ ಮಾಡಿದಳು. ನಾನೂ ಮಾಡಿದೆ. ಡಾಕ್ಟರ ಕಡೆಯವನೇ ನಾನಾದ್ದರಿಂದ ಮೇಷ್ಟ್ರು ನನ್ನಿಂದ ಎರಡು ಸಲ ಮಾಡಿಸಿದರು. ಅಂದಿನಿಂದ ತಿಂಗಳಿಗೊಮ್ಮೆ ಕಡೂರಿನಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ, ಚೀಲದಲ್ಲಿ ಒಂದು ಕಾಯಿ ಇಟ್ಟುಕೊಂಡು ಅಜ್ಜಂಪುರಕ್ಕೆ ಹೋಗಿ, ಹಳೆಯ ಪಂಚಾಂಗದ ಹಾಳೆಯಲ್ಲಿ ಕಟ್ಟಿದ ಮೂವತ್ತು ಪೊಟ್ಟಣ ತರುವ ಕೆಲಸ ನನ್ನದಾಯಿತು.

ಪುಡಿ ಕೆಲಸ ಮಾಡಿತು. ಅದೇ ತೊಂದರೆಯಾದದ್ದು. ವಾರದೊಳಗೆ ಉಬ್ಬಸ ಮಾಯ. ಪುಟ್ಟಿಯ ಕೆನ್ನೆ ತುಂಬಿಕೊಂಡಿತು, ಮುಖ ಹುಣ್ಣಿಮೆಯಾಯಿತು. ಸಂತೆಗೆ ಬಂದಾಗ ಅಕ್ಕ ಅವಳನ್ನು ಲ್ಯಾಬಿಗೆ ಕರೆತರುತ್ತಿದ್ದಳು. ಲ್ಯಾಬಮ್ಮ ಪುಸ್ತಕಕ್ಕೆಂದು ಚುಚ್ಚುತ್ತಿದ್ದರು. ಕೆಂಪಿ: ಸೊನ್ನೆ. ಮುಂದಿನ ಸಲವೂ ಸೊನ್ನೆ. ಮುನ್ನೂರು ಕಣ ಎಣಿಸಿದರೂ ಹುಣಸೆ ಬೀಜ ಬಟ್ಟಲು ಬಿಟ್ಟು ಕದಲಲಿಲ್ಲ.

"ಏನಮ್ಮ, ಬೇರೆ ಔಷಧಿ ಏನಾದ್ರೂ ಕೊಡ್ತಿದೀಯಾ?"

"ಇಲ್ಲ ಕಣಮ್ಮ. ದೇವ್ರು ಕಣ್ಬಿಟ್ಟ."

ನಾನು ನನ್ನ ಮೇಜಿನಲ್ಲಿ ಕೂತು ದುಂಡಕ್ಷರದಲ್ಲಿ ಸೊನ್ನೆ ಬರೆದೆ. ಜೇಬಿನಲ್ಲಿ ಆ ತಿಂಗಳ ಪೊಟ್ಟಣಗಳಿದ್ದವು. ಹೀಗೆ ಎರಡು ವರ್ಷ ನಡೆಯಿತು.

ಪುಟ್ಟಿಯಂಥ ಮಕ್ಕಳು ಒಬ್ಬೊಬ್ಬರಾಗಿ ಏಳು ಮಂದಿಯಾದರು. ಏಳು ಮಂದಿಗೂ ಹಿಂದೆ ಉಬ್ಬಸ, ಈಗ ಇಲ್ಲ. ಏಳು ಮಂದಿಗೂ ಹುಣ್ಣಿಮೆಯ ಮುಖ. ಏಳು ಮಂದಿಗೂ ಸೊನ್ನೆ. ಲ್ಯಾಬಮ್ಮ ಪುಸ್ತಕ ಹಿಡಿದು ಡಾಕ್ಟರ ಬಳಿಗೆ ಹೋದರು. ಡಾಕ್ಟರು ಕೆಟ್ಟವರಲ್ಲ, ಹೊರಗೆ ಅರವತ್ತು ಜನ ಕಾಯುತ್ತಿದ್ದರು.

"ಕೆಂಪಿ ಇಲ್ಲ ಅಂದ್ರೆ ಅಲರ್ಜಿ ಇಲ್ಲ. ಒಳ್ಳೇದೇ ಅಲ್ವೇನ್ರೀ? ಮಕ್ಳು ಪುಷ್ಟಿಯಾಗಿದಾವೆ."

"ಜ್ವರ ಬಂದಾಗ ಒಂದ್ಸಲ ಸೊನ್ನೆ ಆಗ್ಬೋದು ಡಾಕ್ಟ್ರೇ. ಎರಡು ವರ್ಷ ಆಗಲ್ಲ. ನಿಮಗೂ ಎರಡಿರುತ್ತೆ, ನನಗೂ ಹನ್ನೆರಡಿದೆ. ಈ ಮಕ್ಳದ್ದು ಯಾರೋ ಗುಡಿಸಿ ಇಟ್ಟ ಹಾಗಿದೆ."

ಹಿಂದಿರುಗಿ ಬಂದವರು ಬಾಗಿಲ ಚೌಕಟ್ಟಿನ ಗೆರೆಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು. ಆಮೇಲೆ ನನ್ನನ್ನು ಕರೆದರು.

"ರೈಟ್ರೇ, ಇಲ್ಲಿ ಬನ್ನಿ. ಇದು ಯಾರ ಗೆರೆ?"

ಪುಟ್ಟಿಯದು. ಮೊದಲ ನಾಲ್ಕು ಗೆರೆಗಳು ಏಣಿಯ ಮೆಟ್ಟಿಲಿನಂತೆ ಮೇಲೆ ಹೋಗಿದ್ದವು. ಆಮೇಲಿನ ಐದು ಗೆರೆಗಳು ಒಂದರ ಮೇಲೊಂದು ಬಿದ್ದು ಒಂದೇ ದಪ್ಪ ಗೆರೆಯಾಗಿದ್ದವು. ಎರಡು ವರ್ಷದ ಬೆಳವಣಿಗೆ ಪೆನ್ಸಿಲಿನ ಒಂದು ಗೆರೆಯ ದಪ್ಪದಷ್ಟು. ಪ್ರತಿ ಗೆರೆಯ ಪಕ್ಕದಲ್ಲೂ ತಿಂಗಳು ಬರೆದವನು ನಾನೇ.

"ಬೇರೆ ಮಕ್ಳ ಸೊನ್ನೆ ಹೇಳಿದ್ರೆ ನೀವು 'ಸೊನ್ನೇನಾ?' ಅಂತ ತಿರುಗಿ ಕೇಳ್ತೀರಿ. ನಿಮ್ ಅಕ್ಕನ ಮಗಳದ್ದು ಹೇಳಿದ್ರೆ ಸುಮ್ನೆ ಬರ್ಕೋತೀರಿ. ಯಾಕೆ?"

ನನ್ನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು.

"ಆಣೆ ಹಾಕಿಸಿದಾರಾ?"

ನಾನು ಜೇಬನ್ನು ಇನ್ನೂ ಒತ್ತಿ ಹಿಡಿದೆ.

"ಬಾಯ್ಬಿಡೋದು ಬೇಡ ಬಿಡಿ. ನೀವು ಮರೆವಿನ ಮನುಷ್ಯ. ಊಟಕ್ಕೆ ಹೋಗುವಾಗ ಜೇಬಲ್ಲಿರೋದನ್ನ ಮೇಜಿನ ಮೇಲೆ ಮರೆತು ಹೋಗಿ. ಅದಕ್ಕೆ ಯಾವ ಆಣೇನೂ ಇಲ್ಲ."

ನಾನು ಮರೆತು ಹೋದೆ. ಜೀವಮಾನದಲ್ಲಿ ನಾನು ಮಾಡಿದ ಧೈರ್ಯದ ಕೆಲಸ ಅದೊಂದೇ. ಅದನ್ನೂ ಮರೆವಿನ ಲೆಕ್ಕದಲ್ಲಿ ಮಾಡಿದೆ.

ಪುಡಿಯಲ್ಲಿ ಬೆಲ್ಲ, ಶುಂಠಿ, ಮೆಣಸು ಮೂಗಿಗೆ ಬಡಿಯುತ್ತಿತ್ತು. ಇನ್ನೇನಿದೆಯೆಂದು ತಿಳಿಯುವ ಸಾಧನ ನಮ್ಮ ಸೌದೆ ಮನೆಯಲ್ಲಿರಲಿಲ್ಲ. ಆದರೆ ಲ್ಯಾಬಮ್ಮ ತರಬೇತಿ ಪಡೆದ ಕಾಲದಲ್ಲಿ ಒಂದು ಹಳೆಯ ಪರೀಕ್ಷೆ ಕಲಿಸುತ್ತಿದ್ದರಂತೆ. ಸ್ಟೀರಾಯ್ಡ್ ಎಂಬ ಜಾತಿಯ ಔಷಧ ಮೈಗೆ ಹೋದರೆ ನಾಲ್ಕು ಗಂಟೆಯಲ್ಲಿ ಕೆಂಪಿಗಳು ಬಹುಪಾಲು ರಕ್ತದಿಂದ ಮಾಯವಾಗುತ್ತವೆ. ಕೆಂಪಿ ಧಾರಾಳವಾಗಿರುವ ಒಬ್ಬ ಮನುಷ್ಯ ಬೇಕು, ಅಷ್ಟೇ. ಬಸ್ಸಿನ ದೂಳಿಗೆ ದಿನಾ ಬೆಳಿಗ್ಗೆ ಇಪ್ಪತ್ತು ಸೀನು ಸೀನುತ್ತಿದ್ದ ಲ್ಯಾಬಮ್ಮನ ರಕ್ತದಲ್ಲಿ ಹನ್ನೆರಡಿದ್ದವು.

ಮೊದಲ ದಿನ ಅವರು ಪುಡಿ ತಿನ್ನಲಿಲ್ಲ. ಬೆಳಿಗ್ಗೆ ಎಂಟಕ್ಕೆ ತಮ್ಮ ಬೆರಳನ್ನೇ ಚುಚ್ಚಿಕೊಂಡು ಎಣಿಸಿದರು, ಹನ್ನೆರಡು. ಮಧ್ಯಾಹ್ನ ಹನ್ನೆರಡಕ್ಕೆ ಮತ್ತೆ ಚುಚ್ಚಿಕೊಂಡರು, ಹತ್ತು. "ತಿನ್ನದೇ ಇದ್ರೂ ಮಧ್ಯಾಹ್ನ ಸ್ವಲ್ಪ ಇಳಿಯುತ್ತೆ. ಇದು ಗೊತ್ತಿಲ್ದೆ ನಾಳೆ ಕುಣಿಯೋದು ಬೇಡ" ಎಂದರು.

ಎರಡನೆಯ ದಿನ ಎಂಟಕ್ಕೆ ಎಣಿಸಿ ಮೂರು ಪೊಟ್ಟಣ ಬಿಚ್ಚಿದರು. ಹೋಟೆಲಿನ ಲೋಟ ಮುಟ್ಟದ, ಬಸ್ಸಿನ ಸೀಟಿಗೆ ಎರಡು ಬಟ್ಟೆ ತರುವ ಆ ಹೆಂಗಸು, ಯಾರದೋ ಬೆವರಿದ ಬೆರಳು ಮಡಿಸಿದ ಪಂಚಾಂಗದ ಹಾಳೆಯಿಂದ ಆ ಕಂದು ಪುಡಿಯನ್ನು ನಾಲಗೆಗೆ ಸುರಿದುಕೊಂಡರು. ಹಾಳೆಗೆ ಅಂಟಿದ್ದ ಒಂದು ತಲೆಕೂದಲನ್ನು ಚಿಮಟದಿಂದ ತೆಗೆದು ಪಕ್ಕಕ್ಕಿಟ್ಟರು. ನುಂಗಿದರು. ಕಣ್ಣಲ್ಲಿ ನೀರು ಬಂತು.

"ಬೆಲ್ಲದ ಹಿಂದೆ ಕಹಿ ಇದೆ" ಎಂದಷ್ಟೇ ಹೇಳಿದರು.

ಮಧ್ಯಾಹ್ನ ಎಣಿಸಿದವರು ತಲೆಯೆತ್ತದೆ ಹೇಳಿದರು: "ಎರಡು. ರೈಟ್ರೇ, ನೀವೂ ಬಂದು ಎಣಿಸಿ. ಈಗ ನನ್ ಕಣ್ಣು ನನ್ ಸಿಟ್ಟಿನ ಕಡೆ ಇರುತ್ತೆ."

ನಾನು ಎಣಿಸಿದೆ. ನೂರಕ್ಕೆ ಮೂರು ಬಂತು. "ಮೂರು ಅಂತಾನೇ ಬರೀರಿ" ಎಂದರು. ಆಮೇಲೆ ಬಾಯಿ ತೊಳೆದುಕೊಂಡು ಬಂದು ನನ್ನ ಎದುರು ನಿಂತರು.

"ಚೆನ್ನಾಗಿ ಕೇಳಿಸ್ಕೊಳ್ಳಿ. ಇದನ್ನ ಇದ್ದಕ್ಕಿದ್ದ ಹಾಗೆ ನಿಲ್ಲಿಸೋ ಹಾಗಿಲ್ಲ. ಎರಡು ವರ್ಷ ತಿಂದ ಮೈ ಅದನ್ನೇ ನಂಬ್ಕೊಂಡಿರುತ್ತೆ. ನೆಂಟರ ಮದುವೆಗೆ ಹೋಗಿರೋ ಡಾಕ್ಟ್ರು ನಾಲ್ಕು ದಿನಕ್ಕೆ ಬರ್ತಾರೆ. ಅಲ್ಲೀವರ್ಗೂ ಪುಡಿ ಕೊಡ್ತಾನೇ ಇರ್ಲಿ. ತಿಳೀತಾ?"

ತಿಳಿಯಿತು. ಅಂದೇ ಹಿರೇನಲ್ಲೂರಿಗೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅಕ್ಕ ಔಷಧದ ಹೆಸರು ಕೇಳಲಿಲ್ಲ, ಕೆಂಪಿಯ ಲೆಕ್ಕ ಕೇಳಲಿಲ್ಲ.

"ಅಂದ್ರೆ ಆಣೆ ಮುರ್ದೇನೋ?"

"ನಾನು ಬಾಯ್ಬಿಡ್ಲಿಲ್ಲ ಕಣಕ್ಕ, ಮೇಜಿನ ಮೇಲೆ…"

"ಮುರ್ದೇನೋ ಇಲ್ವೇನೋ?"

"ಮುರೀತು."

ಅಕ್ಕ ಒಳಗೆ ಹೋಗಿ ಡಬ್ಬಿ ತಂದು ತಿಪ್ಪೆಗೆ ಸುರಿದಳು. ಡಾಕ್ಟರು ಬರುವವರೆಗೆ ಕೊಡಬೇಕಂತೆ ಎಂದೆ. "ಲೋ, ಆಣೆ ಮುರ್ದ ಪುಡಿ ವಿಷ ಅಂತ ಮೇಷ್ಟ್ರು ಹೇಳಿಲ್ವಾ? ನಿನ್ ಕೈಯಾರೆ ಮಗೀಗೆ ವಿಷ ಹಾಕ್ತೀಯಾ? ನಡಿ ಆಚೆ" ಎಂದಳು. ಪುಡಿ ಒಳ್ಳೆಯದಲ್ಲವೆಂದು ಅವಳು ಒಪ್ಪಿದ್ದೂ ಮೇಷ್ಟ್ರ ಮಾತಿನ ಮೇಲೆಯೇ. ನಾನು ಹಟ ಹಿಡಿಯಬಹುದಿತ್ತು. ನಾಲ್ಕು ದಿನದಲ್ಲಿ ಏನಾದೀತು ಎಂದುಕೊಂಡು ಕಡೆಯ ಬಸ್ಸು ಹಿಡಿದೆ. ಲ್ಯಾಬಮ್ಮನಿಗೆ ಇದನ್ನು ಹೇಳಲೂ ಇಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ತೆಂಗಿನಕಾಯಿ ಲಾರಿಯೊಂದರ ಮುಂಭಾಗದಿಂದ ಅಕ್ಕ ಇಳಿದಳು. ತೋಳಿನಲ್ಲಿ ಪುಟ್ಟಿ. ತುಟಿ ನೇರಳೆ ಹಣ್ಣಿನ ಬಣ್ಣ, ಕತ್ತಿನ ಗುಳಿ ಪ್ರತಿ ಉಸಿರಿಗೂ ಒಳಗೆ ಹೋಗುತ್ತಿತ್ತು, ಅಳುವುದಕ್ಕೂ ಗಾಳಿ ಇರಲಿಲ್ಲ. ಡಾಕ್ಟರು ಅಂದು ಮುಂಜಾನೆಯ ರೈಲಿಗೆ ಬಂದಿದ್ದದ್ದು ನಮ್ಮ ಪುಣ್ಯ. ಲ್ಯಾಬಮ್ಮ ಬೆರಳು ಚುಚ್ಚಿ ಓಡಿದರು. ಎರಡು ವರ್ಷ ಸೊನ್ನೆಯಿದ್ದ ಕಡೆ ಕೆಂಪಿ ಹತ್ತೊಂಬತ್ತು. ಅದನ್ನು ಕೇಳಿದ ಡಾಕ್ಟರು ಅವರ ಮುಖ ನೋಡಿದರು; ಲ್ಯಾಬಮ್ಮ ಪುಡಿಯ ಕಥೆಯನ್ನು ಮೂರು ವಾಕ್ಯದಲ್ಲಿ ಮುಗಿಸಿದರು. ಡಾಕ್ಟರು ಉಸಿರಿನ ಇಂಜೆಕ್ಷನ್ ಜೊತೆಗೆ ಇನ್ನೊಂದು ಇಂಜೆಕ್ಷನ್ ಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ತುಟಿಯ ಬಣ್ಣ ಮರಳಿತು. ಆಗ ಅಕ್ಕ ಕೇಳಿದಳು: "ಎರಡ್ನೇ ಸೂಜಿ ಯಾವುದಮ್ಮ?"

"ಮೇಷ್ಟ್ರ ಪುಡೀಲಿ ಇತ್ತಲ್ಲ, ಅದೇ ಜಾತೀದು" ಎಂದರು ಲ್ಯಾಬಮ್ಮ.

"ಅಯ್ಯೋ! ಅದೇ ವಿಷಾನಾ?"

"ಅದೇ. ಎಷ್ಟು ಹೋಗ್ತಿದೆ, ಯಾವಾಗ ನಿಲ್ಲಿಸ್ಬೇಕು ಅಂತ ಗೊತ್ತಿರೋರ ಕೈಯಿಂದ." ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ ಅಕ್ಕ ಪುಡಿ ತಿಪ್ಪೆಗೆ ಹಾಕಿದ್ರಂತೆ. ನಿಮಗೆ ಗೊತ್ತಿತ್ತಾ ರೈಟ್ರೇ?"

ನಾನು ಗೊತ್ತಿತ್ತು ಎಂದೆ. ಕುಂಕುಮದ ಭರಣಿಯನ್ನು ನೋಡಿದ ಹಾಗೆ ನನ್ನನ್ನು ನೋಡಿದರು. ಮೂರು ದಿನ ನನ್ನೊಡನೆ ಅಂಕಿ ಬಿಟ್ಟು ಇನ್ನೇನೂ ಮಾತಾಡಲಿಲ್ಲ. ನಾಲ್ಕನೆಯ ದಿನ, "ಅಜ್ಜಂಪುರಕ್ಕೆ ಹೋಗೋಣ. ದಾರಿ ನಿಮಗೆ ಗೊತ್ತಲ್ಲ" ಎಂದರು.

ಮೇಷ್ಟ್ರ ಅಂಗಳದಲ್ಲಿ ಎಂದಿನಂತೆ ಸಾಲು. ಮಡಿಲಲ್ಲಿ ಮಗು, ಕೈಯಲ್ಲಿ ಕಾಯಿ. ಜಗುಲಿಯ ಮುಂದೆ ಮೂರು ತಗಡಿನ ಡಬ್ಬಿಗಳಲ್ಲಿ ತುಳಸಿ ಗಿಡಗಳು. ಎರಡು ವರ್ಷ ಅವುಗಳ ಪಕ್ಕದಲ್ಲೇ ನಾನು ಚಪ್ಪಲಿ ಬಿಟ್ಟಿದ್ದೆ. ಲ್ಯಾಬಮ್ಮ ಕುಕ್ಕರುಗಾಲಲ್ಲಿ ಕೂತು, ಒಂದು ಡಬ್ಬಿಯ ಮೇಲಿನ ಮಣ್ಣು ಒರೆಸಿ, ಮಾಸಿದ ಇಂಗ್ಲಿಷ್ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. ಔಷಧದ ಹೆಸರು, ಕೆಳಗೆ 'ಸಾವಿರ ಮಾತ್ರೆ'.

ಮೇಷ್ಟ್ರು ಗಾಬರಿಯಾಗಲಿಲ್ಲ. "ಬನ್ನಿ ತಾಯಿ, ಕಾಫಿ ತಗೊಳ್ಳಿ" ಎಂದರು.

"ಬೇಡ. ಇದನ್ನ ಕುಟ್ಟಿ ಬೆರೆಸ್ತೀರಾ?"

ಅವರು ಸಾಲಿನತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ಡಾಕ್ಟ್ರು ಕೊಟ್ರೆ ಔಷಧಿ, ನಾನು ಕೊಟ್ರೆ ವಿಷವೇನಮ್ಮ? ಮಕ್ಳು ಉಸಿರಾಡ್ತಿದಾವಲ್ಲ."

"ಕೊಡಿ, ಬೇಡ ಅನ್ನಲ್ಲ. ಹೆಸರು ಹೇಳಿ ಕೊಡಿ. ಎಷ್ಟು ಅಂತ ಬರೆದು ಕೊಡಿ. ಮೂಳೆ ಬೆಳೆಯಲ್ಲ, ಇದ್ದಕ್ಕಿದ್ದಂಗೆ ಬಿಟ್ರೆ ಜೀವ ಹೋಗುತ್ತೆ ಅಂತ ಹೇಳಿ ಕೊಡಿ."

"ಹೆಸರು ಹೇಳಿದ್ರೆ ಯಾರಮ್ಮ ತಗೊಂತಾರೆ?" ಎಂದು ಮೇಷ್ಟ್ರು ನಕ್ಕರು. ಆ ನಗುವಿನಲ್ಲಿ ಕಪಟವಿರಲಿಲ್ಲ. ಪಾಠ ಅರ್ಥವಾಗದ ಹುಡುಗಿಯನ್ನು ನೋಡಿ ನಗುವ ನಗು ಅದು.

ಲ್ಯಾಬಮ್ಮ ಸಾಲಿನ ಕಡೆ ತಿರುಗಿ ಎಲ್ಲವನ್ನೂ ಹೇಳಿದರು. ಒಬ್ಬ ಗಂಡಸು, "ಯಾವ ಡಾಕ್ಟ್ರು ಕಳ್ಸಿದಾನೆ ಇವಳ್ನ?" ಎಂದ. ಒಬ್ಬ ಮುದುಕಿ ಮಗುವಿನ ಮುಖಕ್ಕೆ ಸೆರಗು ಮುಚ್ಚಿದಳು, ದೃಷ್ಟಿಯಾಗದಿರಲೆಂದು. ಇನ್ನೊಬ್ಬಳು ಕೇಳಿದಳು: "ನಿಂಗೆ ಮಕ್ಕಳಿದಾವೇನೇ?"

ಲ್ಯಾಬಮ್ಮನಿಗೆ ಮಕ್ಕಳಿರಲಿಲ್ಲ. ಹಾಗೆಂದು ಹೇಳಿದರು.

"ಅದಕ್ಕೇ" ಎಂದಳು ಅವಳು. ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ನಾನು ಆ ಜನರಿಗೆ ಪರಿಚಿತ ಮುಖ. ಎರಡು ವರ್ಷ ಅದೇ ಸಾಲಿನಲ್ಲಿ ನಿಂತವನು. ನಾನೊಂದು ಮಾತು ಆಡಬಹುದಿತ್ತು. ಚಪ್ಪಲಿ ಹುಡುಕುತ್ತಿದ್ದೆ.

ಗೇಟಿನ ಹೊರಗೆ ಬಂದು ಲ್ಯಾಬಮ್ಮ ನಿಂತರು. ಜಗುಲಿಯ ಕಡೆ ತಿರುಗಿದರು. ವರ್ಷಗಟ್ಟಲೆ ಕಡೂರಿನ ಉಗುಳಿನ ಮೇಲೆ ಯುದ್ಧ ಮಾಡಿದ ಆ ಹೆಂಗಸು ಬೀದಿಯ ನಡುವೆ ಕ್ಯಾಕರಿಸಿ ಉಗುಳಿದರು. ಅವರು ಉಗುಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಉಗುಳಿ, ಚೀಲದಿಂದ ಎರಡನೆಯ ಬಟ್ಟೆ ತೆಗೆದು ತುಟಿ ಒರೆಸಿಕೊಂಡು, ರೈಲಿಗೆ ಎಷ್ಟು ಹೊತ್ತಿದೆ ಎಂದು ಕೇಳಿದರು.

ಆಮೇಲೆ ಮೇಲಿನವರಿಗೆ ಒಂದು ಅರ್ಜಿ ಹೋಯಿತು, ದುಂಡಕ್ಷರ ನನ್ನದು. ಒಬ್ಬ ಅಧಿಕಾರಿ ಬಂದರು. ಮೇಷ್ಟ್ರ ಮನೆಯಲ್ಲಿ ಎಳನೀರು ಕುಡಿದರು, ತುಳಸಿಗೆ ಕೈಮುಗಿದರು, ಪರೀಕ್ಷೆಗೆಂದು ಮೂವತ್ತು ಪೊಟ್ಟಣ ಕಟ್ಟಿಸಿಕೊಂಡರು. ಪರೀಕ್ಷೆ ಬಹಳ ಕೂಲಂಕಷವಾಗಿ ನಡೆದಿರಬೇಕು, ಮುಂದಿನ ತಿಂಗಳು ಅವರ ಜವಾನ ಒಂದು ಕಾಯಿ ಹಿಡಿದುಕೊಂಡು ಬಂದು ಇನ್ನೂ ಮೂವತ್ತು ಒಯ್ದ.

ಏಳು ಮಕ್ಕಳ ಪೈಕಿ ನಾಲ್ವರ ತಾಯಂದಿರು ಲ್ಯಾಬಮ್ಮನ ಮಾತು ಕೇಳಿದರು. ಅವರ ಪುಡಿಯ ಬದಲು ಡಾಕ್ಟರು ಅಳತೆಯ ಮಾತ್ರೆ ಕೊಟ್ಟು, ವಾರವಾರ ಇಳಿಸಿ, ತಿಂಗಳುಗಟ್ಟಲೆ ತೆಗೆದುಕೊಂಡು ಬಿಡಿಸಿದರು. ಮಾತ್ರೆ ಇಳಿದಂತೆ ಕೆಂಪಿ ಒಂದು, ಎರಡು, ಐದು ಎಂದು ಹಿಂದಿರುಗಿದವು. ಉಬ್ಬಸವೂ ಹಿಂದಿರುಗಿತು. ತಾಯಂದಿರು ಲ್ಯಾಬಮ್ಮನನ್ನು ಬೈದರು. ಅವರು ಬೈಸಿಕೊಂಡು ಚುಚ್ಚಿದರು. ಉಳಿದ ಮೂವರು ಮತ್ತೆ ಬರಲಿಲ್ಲ.

ಎಂಬತ್ತರ ದಶಕದಲ್ಲಿ ಪುಡಿ ಮೇಷ್ಟ್ರು ತೀರಿಕೊಂಡರು. ಅಂದು ಅಜ್ಜಂಪುರದ ಅಂಗಡಿಗಳನ್ನೆಲ್ಲ ಮುಚ್ಚಿದರು. ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಅವರು ಯಾರಿಂದಲೂ ಒಂದು ಪೈಸೆ ಮುಟ್ಟಲಿಲ್ಲವೆಂದು ಹೇಳಿದರು. ಅದು ನಿಜ.

ಲ್ಯಾಬಮ್ಮ ಕೆಲಸ ಬಿಟ್ಟಾಗ ಸಭೆ ಆಗಲಿಲ್ಲ. ಡಾಕ್ಟರು ಒಂದು ಸೀರೆ ಕೊಟ್ಟರು. ಎದುರಿನ ಹೋಟೆಲಿನವನು ಅಭಿಮಾನದಿಂದ ಕಾಫಿ ಕಳಿಸಿದ, ಲೋಟದೊಳಗೆ ಬೆರಳಿಟ್ಟೇ. ಅವರು ಅದನ್ನು ನನ್ನ ಮೇಜಿಗೆ ಸರಿಸಿ, ಉಬ್ಬಸದ ಪುಸ್ತಕವನ್ನೂ ಅದರ ಪಕ್ಕಕ್ಕಿಟ್ಟರು. "ಇದನ್ನಾದ್ರೂ ಮರೆತು ಹೋಗ್ಬೇಡಿ ರೈಟ್ರೇ" ಎಂದರು. ಮರುವರ್ಷ ನರ್ಸಿಂಗ್ ಹೋಮಿಗೆ ಸುಣ್ಣ ಬಳಿದರು, ಬಾಗಿಲ ಚೌಕಟ್ಟಿಗೆ ಹಸಿರು ಬಣ್ಣ ಹೊಡೆದರು.

ಕಾರ್ಡು ಬಂದ ದಿನ ಪುಸ್ತಕ ತೆಗೆದು ಪುಟ್ಟಿಯ ಪುಟ ನೋಡಿದೆ. ಸೊನ್ನೆಗಳು ಚೆನ್ನಾಗಿವೆ, ನನ್ನ ಅಕ್ಷರವನ್ನು ಡಾಕ್ಟರು ಯಾವಾಗಲೂ ಹೊಗಳುತ್ತಿದ್ದರು. ಪುಟ್ಟಿ ಬದುಕಿದ್ದಾಳೆ. ಉಬ್ಬಸ ಹದಿಮೂರನೆಯ ವಯಸ್ಸಿಗೆ ಬಿಟ್ಟುಹೋಯಿತು. ಈಗ ಅವಳಿಗೆ ಹತ್ತೊಂಬತ್ತು ವರ್ಷ. ಎತ್ತರ ನಾಲ್ಕು ಅಡಿ ಐದು ಅಂಗುಲ.